ಆಝಿ ನೆಲ್ಸನ್ ಯಾವ ಕೆಲಸದಲ್ಲಿದ್ದರು?

ನಮಸ್ಕಾರ. ಹಳೆಯ ಅಮೆರಿಕನ್ ಕೌಟುಂಬಿಕ ಹಾಸ್ಯ ಧಾರಾವಾಹಿಗಳನ್ನು ಸಾಲಾಗಿ ನೋಡುತ್ತ ಕುಳಿತಾಗ ಒಂದು ಪ್ರಶ್ನೆ ನನ್ನನ್ನು ಬಿಡದೆ ಕಾಡಿತು: ಈ ಅಪ್ಪಂದಿರು ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದರು?

1957ರಲ್ಲಿ ಆರಂಭವಾದ ‘ಲೀವ್ ಇಟ್ ಟು ಬೀವರ್’ ನೋಡಿ. ವಾರ್ಡ್ ಕ್ಲೀವರ್ ಕಚೇರಿಗೆ ಹೋಗುತ್ತಾರೆ, ಕಚೇರಿಯೂ ಒಮ್ಮೊಮ್ಮೆ ಕಾಣಿಸುತ್ತದೆ; ಅಲ್ಲಿ ಅವರ ಕೆಲಸವೇನೆಂದು ಮಾತ್ರ ತಿಳಿಯುವುದಿಲ್ಲ. ‘ಫಾದರ್ ನೋಸ್ ಬೆಸ್ಟ್’ನ ಜಿಮ್ ಆಂಡರ್ಸನ್ ವಿಮಾ ಏಜೆಂಟ್. ಆದರೂ ಕತೆ ಕಳೆಗಟ್ಟುವುದು ಅವರು ಮನೆಗೆ ಬಂದು, ಕೋಟು ಕಳಚಿ, ಸ್ವೆಟರ್ ತೊಟ್ಟ ಮೇಲೆಯೇ.

[ದೃಶ್ಯ: ನೆಲ್ಸನ್ ಕುಟುಂಬದ ಕಪ್ಪು-ಬಿಳುಪು ಚಿತ್ರ]

ಈಗ ನನ್ನ ಅಚ್ಚುಮೆಚ್ಚಿನ ಉದಾಹರಣೆ. ಆಝಿ ಮತ್ತು ಹ್ಯಾರಿಯೆಟ್ ನೆಲ್ಸನ್ ನಿಜ ಜೀವನದ ದಂಪತಿ. ಮಕ್ಕಳಾದ ಡೇವಿಡ್ ಮತ್ತು ರಿಕಿ ಜೊತೆಗೆ 1952ರಿಂದ 1966ರವರೆಗೆ, ‘ದ ಅಡ್ವೆಂಚರ್ಸ್ ಆಫ್ ಆಝಿ ಅಂಡ್ ಹ್ಯಾರಿಯೆಟ್’ ಧಾರಾವಾಹಿಯ 435 ಸಂಚಿಕೆಗಳಲ್ಲಿ, ತಮ್ಮದೇ ಹೆಸರಿನಲ್ಲಿ ನಟಿಸಿದರು. ಸ್ಟುಡಿಯೋದ ಸೆಟ್ ಕೂಡ ಅವರ ಹಾಲಿವುಡ್ ಮನೆಯ ಪಡಿಯಚ್ಚು. ಇಷ್ಟೆಲ್ಲ ನಿಜವಿದ್ದ ಆ ಮನೆಯಲ್ಲಿ ಅಪ್ಪನ ಉದ್ಯೋಗಕ್ಕೆ ಮಾತ್ರ ಹೆಸರಿಲ್ಲ! ಹೊತ್ತುಗೊತ್ತಿಲ್ಲದೆ ಮನೆಯಲ್ಲಿರುತ್ತಾರೆ, ನೆರೆಯವರೊಂದಿಗೆ ಹರಟುತ್ತಾರೆ. ಒಂದು ಸಂಚಿಕೆಯಲ್ಲಂತೂ ಟೂಟಿ ಫ್ರೂಟಿ ಐಸ್‌ಕ್ರೀಮ್ ಹುಡುಕಿಕೊಂಡು ಊರು ಸುತ್ತುತ್ತಾರೆ. ಕ್ಯಾಮೆರಾದ ಹಿಂದೆ ಹೋದರೆ ಅದೇ ಮನುಷ್ಯ ಧಾರಾವಾಹಿಯ ನಿರ್ಮಾಪಕ, ನಿರ್ದೇಶಕ, ಬರಹಗಾರ. ಅದಕ್ಕೂ ಮೊದಲು ಹೆಸರಾಂತ ಸಂಗೀತ ತಂಡದ ನಾಯಕ. ಮೈಮುರಿದು ದುಡಿಯುತ್ತಿದ್ದ ಆ ಅಪ್ಪ ವಾರವಾರವೂ ಬಿಡುವಾಗಿರುವ ಅಪ್ಪನ ವೇಷ ತೊಟ್ಟರು. ಇದನ್ನು ತಿಳಿದ ಮೇಲೆ ಆ ಐಸ್‌ಕ್ರೀಮ್ ಸಂಚಿಕೆಯನ್ನು ಮತ್ತೆ ನೋಡಿದೆ, ಅವರ ಮುಖದಲ್ಲಿ ದಣಿವನ್ನು ಹುಡುಕಿದೆ. ಎಲ್ಲಿಯೂ ಕಾಣಲಿಲ್ಲ.

ಆರಂಭದಲ್ಲಿ ಈ ಧಾರಾವಾಹಿಗೆ ಪ್ರಾಯೋಜಕರಾಗಿದ್ದದ್ದು ಫ್ರಿಜ್ ಮತ್ತು ಅಡುಗೆ ಒಲೆ ಮಾರುವ ಹಾಟ್‌ಪಾಯಿಂಟ್ ಕಂಪನಿ. ಅವರಿಗೆ ಬೇಕಾದದ್ದು ಹೊಳೆಯುವ ಅಡುಗೆಮನೆ; ಅಪ್ಪನ ಕಚೇರಿ ಕಟ್ಟಿಕೊಂಡು ಅವರಿಗೇನಾಗಬೇಕು? ನನಗೆ ಇನ್ನೊಂದು ಕಾರಣವೂ ಕಾಣುತ್ತದೆ. ತಿಂಗಳ ಕೊನೆಯ ಚಿಂತೆಯಿಲ್ಲದ ಮನೆಗಳಿವು. ಅಲ್ಲಿ ಸಂಬಳದ ಮಾತೇ ಏಳುವುದಿಲ್ಲ, ಹಾಗಾಗಿ ಕೆಲಸದ ಮಾತೂ ಏಳುವುದಿಲ್ಲ.

ಸಮಯ ಕಡಿಮೆಯಿದೆ, ಎಪ್ಪತ್ತರ ದಶಕಕ್ಕೆ ಬೇಗ ಹೋಗೋಣ. 1971ರ ‘ಆಲ್ ಇನ್ ದ ಫ್ಯಾಮಿಲಿ’ಯ ಆರ್ಚಿ ಬಂಕರ್ ಸರಕು ಹೇರುವ ಕಟ್ಟೆಯಲ್ಲಿ ಫೋರ್‌ಮನ್. 1974ರ ‘ಗುಡ್ ಟೈಮ್ಸ್’ನ ಜೇಮ್ಸ್ ಇವಾನ್ಸ್ ಷಿಕಾಗೋದ ಸರ್ಕಾರಿ ವಸತಿ ಸಮುಚ್ಚಯದಲ್ಲಿ ಮೂರು ಮಕ್ಕಳನ್ನು ಸಾಕುವ ಕಪ್ಪು ಅಮೆರಿಕನ್ ತಂದೆ, ಕಾರು ತೊಳೆಯುವುದರಿಂದ ಹಿಡಿದು ಸಿಕ್ಕಿದ ಕೆಲಸವನ್ನೆಲ್ಲ ಮಾಡುತ್ತಾರೆ.

[ದೃಶ್ಯ: ಇವಾನ್ಸ್ ಮನೆಯ ಬಾಗಿಲು]

ಆರಂಭದ ಸಂಚಿಕೆಗಳಲ್ಲೊಂದರಲ್ಲಿ ಬಾಡಿಗೆ ಬಾಕಿಯಿದೆ, ಮನೆ ಖಾಲಿ ಮಾಡುವ ಗಡುವು ಹತ್ತಿರವಾಗಿದೆ. ಜೇಮ್ಸ್ ಹಣ ಹೊಂದಿಸಲು ಹೊರಡುತ್ತಾರೆ. ಕೈಯಲ್ಲಿ ಬ್ರೀಫ್‌ಕೇಸ್ ಇಲ್ಲ, ಪಂತ ಕಟ್ಟಿ ಪೂಲ್ ಎಂಬ ಬಿಲಿಯರ್ಡ್ಸ್‌ನಂಥ ಆಟ ಆಡಲು ಬೇಕಾದ ಕೋಲಿದೆ.