ಬೆಳಗ್ಗೆ ಐದೂವರೆಗೇ ಕೆರೆಗೆ ಯಾಕೆ? | ಕೋಲಾರ ಕೆರೆ ಸರ್ವೆ ವ್ಲಾಗ್

ನಮಸ್ಕಾರ. ಇನ್ನೂ ಕತ್ತಲೆ, ನಂಗೂ ಏನೂ ಕಾಣಿಸ್ತಿಲ್ಲ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ. ಕೋಲಾರ ತಾಲ್ಲೂಕಿನ ಒಂದು ಕೆರೆ ಇದು. ಹೆಸರು ಹೇಳಲ್ಲ. ಹೇಳಿದ್ರೆ ಬರೋ ಭಾನುವಾರ ಏರಿ ತುಂಬ ಬೈಕು, ಬಿರಿಯಾನಿ ಪ್ಯಾಕೆಟ್ಟು.

ನಿಮ್ಮ ಕೆಲಸ ಏನು ಅಂತ ಎಲ್ರೂ ಕೇಳ್ತಾನೇ ಇರ್ತೀರ. ಅಳೆಯೋದು, ಅಷ್ಟೇ. ಕೆರೆ, ನದಿ, ಸಮುದ್ರದ ಅಂಚು, ಎಲ್ಲಿ ನೀರಿದೆಯೋ ಅಲ್ಲಿ ಎಷ್ಟು ಆಳ, ಎಷ್ಟು ಹೂಳು, ನೀರೊಳಗೆ ಏನೇನಿದೆ ಅಂತ ಅಳೆದು ಬರೆಯೋದು. ನನ್ ಜೊತೆ ಓದಿದವಳು ಮಂಗಳೂರಲ್ಲಿ ಬಂದರಿನ ಆಳ ಅಳೀತಾಳೆ. ದೊಡ್ಡ ಬೋಟು, ಮಧ್ಯಾಹ್ನ ಮೀನೂಟ. ನನ್ ಪಾಲಿಗೆ ಬಂದಿದ್ದು ಕೋಲಾರ, ವರ್ಷವಿಡೀ ಹರಿಯೋ ಒಂದು ನದಿನೂ ಇಲ್ಲದ ಜಿಲ್ಲೆ. ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ಎಲ್ಲ ಇಲ್ಲೇ ನಂದಿ ಬೆಟ್ಟದ ಆಸುಪಾಸಲ್ಲಿ ಹುಟ್ಟಿ, ನಮಗೆ ಟಾಟಾ ಹೇಳಿ ಆಂಧ್ರಕ್ಕೂ ತಮಿಳುನಾಡಿಗೂ ಹೊರಟುಬಿಡ್ತವೆ. ಉಳಿದಿದ್ದು ಕೆರೆ. ಅದೇ ನನ್ನ ಆಫೀಸು.

ಈಗ ಕಾಣಿಸ್ತಿರೋ ಡಬ್ಬ, ಟೇಪ್ ಸುತ್ತಿರೋದು, ಅದರ ಕಥೆ ಹೇಳ್ಲೇಬೇಕು. ನೀರಿನ ಸ್ಯಾಂಪಲ್ ತೆಗೆದ ಮೇಲೆ ಲ್ಯಾಬ್ ಸೇರೋವರೆಗೆ 4 ಡಿಗ್ರಿ ಹತ್ರ ತಣ್ಣಗಿರಬೇಕು, ಇಲ್ಲಾಂದ್ರೆ ಬಾಟಲಿ ಒಳಗಿರೋ ಬ್ಯಾಕ್ಟೀರಿಯಾ ತಮ್ಮ ಪಾಡಿಗೆ ಊಟ ಮುಂದುವರಿಸ್ತವೆ. ಅದಕ್ಕೆ ಐಸ್ ಬೇಕು. ಜೆಲ್ ಪ್ಯಾಕ್ ತಗೊಳ್ಳಿ ಅಂತ ಹೇಳ್ಬೇಡಿ. ನಾನಿಳಿದಿರೋ ಲಾಡ್ಜಲ್ಲಿ ಬಿಸಿನೀರೇ ಆರೂವರೆ ಮೇಲೆ, ಫ್ರೀಜರ್ ಎಲ್ಲಿಂದ ಬರ್ಬೇಕು? ರಾತ್ರಿ ಜ್ಯೂಸ್ ಅಂಗಡಿಗೆ ಹೋದೆ. ಮೂಸಂಬಿಗೇ ಸಾಲಲ್ಲ ಮೇಡಂ ಅಂದ. ಐಸ್ ಫ್ಯಾಕ್ಟರಿಗೆ ಹೋದೆ. ಅಲ್ಲಿ ಕೂತಿದ್ದ ಯಜಮಾನರು, ಮೀನಿಗಾ ಮದುವೆಗಾ ಅಂದ್ರು. ಕೆರೆ ನೀರಿಗೆ ಅಂದೆ. ಸ್ವಲ್ಪ ಹೊತ್ತು ನನ್ನೇ ನೋಡಿದ್ರು. "ನೀರು ಕೆಡಬಾರದು ಅಂತ ಐಸಾ? ಐಸೂ ನೀರೇ ಅಲ್ವೇನಮ್ಮ?"

ಉತ್ತರ ಕೊಡೋಕೆ ಹೋದ್ರೆ ಬೆಳಗಾಗೋದು, ಸುಮ್ನಾದೆ. ಅರ್ಧ ಗಡ್ಡೆ ಕೊಡಿ ಅಂದ್ರೆ ಅರ್ಧ ಮಾರಲ್ವಂತೆ. ಪೂರ್ತಿ ಗಡ್ಡೆಗೆ 160 ರೂಪಾಯಿ, ಒಡೆದು ಕೊಡೋಕೆ 30, ಗೋಣಿಚೀಲಕ್ಕೆ 20. ಮರದ ಹೊಟ್ಟು ಫ್ರೀ, ಅದು ಮಾತ್ರ ಪ್ರೀತಿಯಿಂದ ಕೊಟ್ರು. ಒಡೆಯೋ ಹುಡುಗ ಊಟಕ್ಕೆ ಹೋಗಿದ್ದ. ಕಾದೆ. ಅಷ್ಟರಲ್ಲಿ ಮೀನಿನ ಲಾರಿ ಬಂತು, ಹುಡುಗ ಬಂದವನು ಮೊದಲು ಅವರಿಗೇ ಒಡೆದ. ನನ್ನ ಸರದಿ ಬಂದಾಗ ತೋಳು ನೋವು ಅಂತ ನಾಲ್ಕೇ ಏಟು ಹಾಕಿ ಚೀಲಕ್ಕೆ ತುಂಬಿದ. ಒಂದೊಂದು ಚೂರು ಇಟ್ಟಿಗೆ ಸೈಜು! ಥರ್ಮಾಕೋಲ್ ಡಬ್ಬಕ್ಕೆ ಹಿಡೀಲಿಲ್ಲ, ಒತ್ತಿದ್ದಕ್ಕೆ ಮೂಲೆ ಕಿತ್ತು ಬಂತು. ಆ ಟೇಪು ಅಲ್ಲಿಂದ ಬಂದಿದ್ದು. ಇಷ್ಟಾದ ಮೇಲೆ ನಮ್ ಅಕೌಂಟ್ಸಿನವರು ಐಸಿಗೆ ಜಿಎಸ್‌ಟಿ ಬಿಲ್ ಎಲ್ಲಿ ಅಂತಾರೆ. ಲಕ್ಷಗಟ್ಟಲೆ ಬೆಲೆಯ, ಆಳ ಅಳೆಯೋ ಸೌಂಡರ್‌ಗೆ ಒಂದು ಪ್ರಶ್ನೆ ಕೇಳಿದವರಲ್ಲ. 210 ರೂಪಾಯಿ ಐಸಿಗೆ ಮೂರು ಸಹಿ ಬೇಕಂತೆ, ಮತ್ತೆ...

ಅಯ್ಯೋ, ತೆಪ್ಪ ಹೊರಟಾಯ್ತು. ನೋಡಿ, ಹುಟ್ಟು ಹಾಕ್ತಿರೋದು ಈ ಕೆರೆಯಲ್ಲಿ ಮೀನು ಹಿಡಿಯೋ ಅಣ್ಣ. ಅರ್ಧ ಕನ್ನಡ ಅರ್ಧ ತೆಲುಗಲ್ಲಿ ನಂಗೆ ಬೈತಿದಾರೆ, ಕಾಲು ಆಚೆ ಹಾಕಿ ಕೂರ್ಬೇಡ ಅಂತ. ಸರಿಯಾಗೇ ಬೈತಿದಾರೆ.

ಇದು ನೀರಲ್ಲಿ ಕರಗಿರೋ ಆಮ್ಲಜನಕ ನೋಡೋ ಬಾಟಲಿ, 300 ಎಂಎಲ್, ಗಾಜಿನ ಬಿರಡೆ. ನೀರೊಳಗೇ ತುಂಬಿಸಿ, ಒಂದು ಗುಳ್ಳೆನೂ ಇಲ್ಲದ ಹಾಗೆ ಮುಚ್ಚಬೇಕು. ಮೊದಲು ಮ್ಯಾಂಗನೀಸ್ ಸಲ್ಫೇಟು, ಆಮೇಲೆ ಕ್ಷಾರ ಬೆರೆಸಿದ ಅಯೋಡೈಡು. ತಿರುಗಿಸಿ ಮುರುಗಿಸಿ ಅಲ್ಲಾಡಿಸಿದ್ರೆ ಒಳಗೆ ಚರಟ ಬೀಳುತ್ತೆ. ನೀರಲ್ಲಿ ಆಮ್ಲಜನಕ ಚೆನ್ನಾಗಿದ್ರೆ ಅದು ಕಂದು. ಇಲ್ವೇ ಇಲ್ಲ ಅಂದ್ರೆ ಬಿಳಿ. ಕ್ಯಾಮೆರಾ ಹತ್ರ ಹಿಡೀತೀನಿ. ಕಾಣ್ತಾ? ಬೆಳ್ಳಗೆ ಅಕ್ಕಿ ಗಂಜಿ ಕದಡಿದ ಹಾಗಿದೆ, ಕಂದು ಬಣ್ಣದ ಒಂಚೂರು ಸುಳಿವು ಮಾತ್ರ. ವಿಂಕ್ಲರ್ ಅನ್ನೋರು 1888ರಲ್ಲಿ ಕಂಡುಹಿಡಿದ ವಿಧಾನ. ಮೀಟರ್ ಇದೆಯಲ್ಲ, ಇದೆಲ್ಲ ಹಳೇ ಕಾಲದ್ದು ಅಂತಾರೆ. ಮೀಟರ್ ಇದೆ, ಕೈಯಲ್ಲೇ ಇದೆ. ಆಮ್ಲಜನಕ ಲೀಟರಿಗೆ ಎರಡು ಮಿಲಿಗ್ರಾಂಗಿಂತ ಕೆಳಗೆ ತೋರಿಸ್ತಿದೆ. ಆದ್ರೆ ಮೀಟರ್ ಕೆಟ್ಟರೂ ಒಂದು ನಂಬರ್ ತೋರಿಸುತ್ತೆ, ಬಾಟಲಿ ಹಾಗೆ ಸುಳ್ಳು ಹೇಳಲ್ಲ.

ಇದೇ ಜಾಗಕ್ಕೆ ಮಧ್ಯಾಹ್ನ ಮೂರಕ್ಕೆ ಬಂದ್ರೆ ಇದೇ ಮೀಟರ್ ಹತ್ತರ ಮೇಲೆ ತೋರಿಸುತ್ತೆ! 25 ಡಿಗ್ರಿ ನೀರಲ್ಲಿ ಸಮುದ್ರಮಟ್ಟದಲ್ಲಿ ಗಾಳಿಯ ಆಮ್ಲಜನಕ ಕರಗೋದೇ ಲೀಟರಿಗೆ ಸುಮಾರು 8.2 ಮಿಲಿಗ್ರಾಂ. ಕೋಲಾರ 800 ಮೀಟರಿಗಿಂತ ಎತ್ತರ, ಇಲ್ಲಿ ಏಳೂವರೆ ಆಸುಪಾಸು. ಮತ್ತೆ ಹತ್ತು ಹೇಗೆ? ಹಸಿರು ಬಣ್ಣ ನೋಡಿ, ಪಾಚಿ. ಬಿಸಿಲಿರೋ ತನಕ ಆಮ್ಲಜನಕ ಬಿಡುತ್ತೆ, ರಾತ್ರಿ ತಾನೇ ಉಸಿರಾಡಿ ಕುಡಿದುಹಾಕುತ್ತೆ. ಮೀನು ಸಾಯೋದು ಬೆಳಗಿನ ಜಾವ. ಮೀನಿಗೆ ಕನಿಷ್ಠ 4 ಇರ್ಬೇಕು ಅನ್ನುತ್ತೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಲೆಕ್ಕ. ಹನ್ನೊಂದು ಗಂಟೆಗೆ ಕಾರಲ್ಲಿ ಬಂದು, ದಡದಲ್ಲೇ ಮೀಟರ್ ಅದ್ದಿ, ಕೆರೆ ಆರೋಗ್ಯವಾಗಿದೆ ಅಂತ ಬರೆದುಕೊಂಡು ಹೋಗೋರನ್ನ ಕಂಡ್ರೆ ನಂಗೆ ಮೈಯೆಲ್ಲ ಉರಿಯುತ್ತೆ. ಆ ನಂಬರ್ ಸುಳ್ಳಲ್ಲ. ಅದಕ್ಕೇ ಜಾಸ್ತಿ ಉರಿಯೋದು.

ಈಗ ನೀವು ಕೇಳೋದು ಗೊತ್ತು, ಕೆಸಿ ವ್ಯಾಲಿ ನೀರು ಒಳ್ಳೇದಾ ಕೆಟ್ಟದ್ದಾ? ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನ ಎರಡನೇ ಹಂತದವರೆಗೆ ಶುದ್ಧ ಮಾಡಿ, ಪಂಪ್ ಮಾಡಿ, ಕೋಲಾರದ ಕೆರೆ ತುಂಬಿಸಿ ಅಂತರ್ಜಲ ಏರಿಸೋ ಯೋಜನೆ. ದಿನಕ್ಕೆ 44 ಕೋಟಿ ಲೀಟರ್, 126 ಕೆರೆ ಅನ್ನೋದು ಲೆಕ್ಕ. 2018ರ ಜೂನ್‌ನಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು, ಮುಂದಿನ ತಿಂಗಳೇ ನೊರೆ, ಗಲಾಟೆ, ಕೋರ್ಟು. ನಂಗೆ ಈ ಯೋಜನೆ ಇಷ್ಟ ಇರ್ಲಿಲ್ಲ. ಆಮೇಲೆ ಸಾವಿರ ಅಡಿ ಕೊರೆದರೂ ಧೂಳೇ ಬಂದಿದ್ದ ಬೋರ್‌ವೆಲ್‌ಗಳ ಊರಲ್ಲಿ ತೆರೆದ ಬಾವಿಯಲ್ಲಿ ನೀರು ಕಂಡಾಗ ಇಷ್ಟ ಆಯ್ತು. ಇವತ್ತು ಈ ಬಾಟಲಿ ನೋಡಿ ಮತ್ತೆ ಅನುಮಾನ. ಪಾಚಿಗೆ ಬೇಕಾಗಿರೋದು ಸಾರಜನಕ, ರಂಜಕ. ಎರಡನೇ ಹಂತದ ಶುದ್ಧೀಕರಣ ಅವೆರಡನ್ನೂ ಪೂರ್ತಿ ತೆಗೆಯಲ್ಲ. ಮೂರನೇ ಹಂತ ಬೇಕು ಅಂತ ಇಲ್ಲಿನ ರೈತರು ಕೇಳ್ತಿರೋದು ಸುಮ್ಮಸುಮ್ಮನೆ ಅಲ್ಲ.

ಸೂರ್ಯ ಬಂದ. ಈಗ ಆಳ. ಈ ಕಂಬಕ್ಕೆ ಕಟ್ಟಿರೋದು ಎಕೋ ಸೌಂಡರ್. ನೀರಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತೆ. ತಳಕ್ಕೆ ಬಡಿದು ವಾಪಸ್ ಬರೋ ಹೊತ್ತನ್ನ ಅರ್ಧ ಮಾಡಿ ಆ ವೇಗದಿಂದ ಗುಣಿಸಿದ್ರೆ ಆಳ ಸಿಗುತ್ತೆ. ನಿಜ ಹೇಳ್ತೀನಿ, ಇಂಥ ಕೆರೆಗೆ ಇದು ದಂಡ. ತೆಪ್ಪ ನೇರ ಹೋಗಲ್ಲ, ಸುತ್ತುತ್ತೆ. ಜೊಂಡು ಬಂದ ಕಡೆ ಅದನ್ನೇ ತಳ ಅಂದ್ಕೊಂಡು ಅರ್ಧ ಮೀಟರ್ ಅನ್ನುತ್ತೆ. ಅಣ್ಣ ಬಿದಿರು ಗಳ ಇಳಿಸಿ ತೋರಿಸಿದ್ರು, ಎದೆಮಟ್ಟ ನೀರಿದೆ. ಗಳಕ್ಕೆ ಗುರುತು ಹಾಕ್ಕೊಂಡ್ರೆ ಸಾಕಲ್ವಾ? ಸಮುದ್ರದಲ್ಲಾದ್ರೆ ಭರತ ಇಳಿತದ ಲೆಕ್ಕನೂ ಕಳೀಬೇಕು, ಇಲ್ಲಿ ಆ ತಲೆನೋವಿಲ್ಲ, ಕೋಡಿ ಮಟ್ಟದಿಂದ ಎಷ್ಟು ಕೆಳಗೆ ಅಂತ ನೋಡಿದ್ರಾಯ್ತು.

ಇರಿ ಇರಿ. ಸ್ಕ್ರೀನ್ ನೋಡಿ. ಒಂದೂವರೆ, ಒಂದೂವರೆ, ಒಂದೂ ಮುಕ್ಕಾಲು, ನಾಲ್ಕು ಮೀಟರ್! ಮಣ್ಣು ತೆಗೆದ ಗುಂಡಿ. ಕೆರೆ ಒಣಗಿದ್ದ ವರ್ಷಗಳಲ್ಲಿ ಜೆಸಿಬಿ ಇಳಿಸಿ ಇಟ್ಟಿಗೆ ಗೂಡಿಗೆ ಮಣ್ಣು ಹೊಡೆದಿರ್ತಾರೆ, ಅಂಚು ಗೋಡೆ ಥರ ನೇರ. ಮೇಲಿಂದ ಏನೂ ಗೊತ್ತಾಗಲ್ಲ. ನೀರು ಇಳಿದಾಗ ಮಕ್ಕಳು ಮೊಣಕಾಲು ನೀರಲ್ಲಿ ಆಡ್ತಾ ಒಂದು ಹೆಜ್ಜೆ ಮುಂದಿಟ್ರೆ ಮುಗೀತು. ಗಳ ಹಿಡ್ಕೊಂಡು ಹೋಗಿದ್ರೆ ಇದು ಸಿಕ್ತಿತ್ತಾ? ಸೌಂಡರ್ ದಂಡ ಅಂದಿದ್ನಲ್ಲ, ವಾಪಸ್ ತಗೊಂಡೆ. ಅಣ್ಣಂಗೆ ಈ ಗುಂಡಿ ಗೊತ್ತಂತೆ. ಊರಲ್ಲಿ ಎಲ್ರಿಗೂ ಗೊತ್ತಂತೆ. ನಕ್ಷೆಯಲ್ಲಿ ಮಾತ್ರ ಇಲ್ಲ. ಇವತ್ತು ಕೂರುತ್ತೆ.

ಈ ಕೆಲಸಕ್ಕೆ ಬೇಕಾದ ಓದಿನ ಬಗ್ಗೆ ಬೇಗ ಹೇಳ್ಬಿಡ್ತೀನಿ, ಬ್ಯಾಟರಿ ಕೆಂಪಾಗಿದೆ. ಸಿವಿಲ್, ಭೂವಿಜ್ಞಾನ, ಪರಿಸರ ವಿಜ್ಞಾನ, ಯಾವುದರಿಂದಾದ್ರೂ ಬರ್ಬಹುದು. ಸುರತ್ಕಲ್ ಎನ್‌ಐಟಿಕೆಯಲ್ಲಿ ಜಲಸಂಪನ್ಮೂಲ ಮತ್ತು ಸಾಗರ ಎಂಜಿನಿಯರಿಂಗ್ ವಿಭಾಗವೇ ಇದೆ. ಸಮುದ್ರ ಬೇಕು ಅನ್ನೋರಿಗೆ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ, ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ (ಎನ್‌ಐಒಟಿ). ನೌಕಾಪಡೆಯ ಜಲನಕ್ಷೆ ಕಚೇರಿ ಇರೋದು ಡೆಹ್ರಾಡೂನ್‌ನಲ್ಲಿ, ಸಮುದ್ರದ ನಕ್ಷೆ ಬೆಟ್ಟದ ಬುಡದಲ್ಲಿ ಕೂತು ಮಾಡ್ತಾರೆ, ತಮಾಷೆ ಅಲ್ವಾ. ಸಂಬಳ ಕೇಳ್ಬೇಡಿ. ಈಜು ಕಲೀರಿ. ಅದು ಡಿಗ್ರಿಗಿಂತ ಮುಖ್ಯ.

ಸರಿ, ಲ್ಯಾಬು. ಬೆಂಗಳೂರು, ಟ್ರಾಫಿಕ್ಕು, ಅದೆಲ್ಲ ಕಟ್ ಮಾಡಿದೀನಿ. ಬಿಒಡಿ, ಅಂದ್ರೆ ನೀರಲ್ಲಿರೋ ಕೊಳೆ ತಿನ್ನೋಕೆ ಬ್ಯಾಕ್ಟೀರಿಯಾಗೆ ಎಷ್ಟು ಆಮ್ಲಜನಕ ಬೇಕು ಅನ್ನೋ ಲೆಕ್ಕ, ಅದರ ರಿಸಲ್ಟ್ ಈ ವಿಡಿಯೋದಲ್ಲಿ ಸಿಗಲ್ಲ. ನಮ್ಮ ದೇಶದಲ್ಲಿ ಅದನ್ನ 27 ಡಿಗ್ರಿಯಲ್ಲಿ ಮೂರು ದಿನ ಇಟ್ಟು ನೋಡ್ತಾರೆ. ಕೌಂಟರ್‌ನಲ್ಲಿ ಫಾರಂ ಕೊಟ್ಟಿದಾರೆ. ಕೆರೆ ಹೆಸರಿಗೆ ಖಾನೆ ಇದೆ, ತಾಲ್ಲೂಕಿಗಿದೆ, ದಿನಾಂಕಕ್ಕಿದೆ, ಹಣ ಕಟ್ಟಿದ ರಸೀದಿ ನಂಬರಿಗೂ ಇದೆ. ಸ್ಯಾಂಪಲ್ ತೆಗೆದ ಗಂಟೆಗೆ ಖಾನೆನೇ ಇಲ್ಲ! ಅದಕ್ಕೇ ನೋಡಿ, ಅಂಚಲ್ಲಿ ನಾನೇ ಬರೀತಿದೀನಿ, ಬೆಳಗ್ಗೆ 5:50. ಕೌಂಟರಿನವರು ಇದ್ಯಾಕೆ ಅಂತಿದಾರೆ. ಮಧ್ಯಾಹ್ನ ಮೂರರ ಸ್ಯಾಂಪಲ್ ನಾಳಿದ್ದು ತರ್ತೀನಿ ಸರ್, ಅದನ್ನ ಇದರ ಪಕ್ಕ ಇಟ್ಕೊಳ್ಳಿ ಅಂದೆ.