ಮೋಟಾರ್ ಆಫ್ ಮಾಡಿ ಕೂತುಕೊಳ್ಳಿ

ನಮಸ್ಕಾರ.

ನಾನು ಮೊದಲ ಸಲ ಧ್ಯಾನಕ್ಕೆ ಅಂತ ಕಣ್ಣು ಮುಚ್ಚಿ ಕೂತ ದಿನ ನಮ್ಮ ಮನೆಯ ಟ್ಯಾಂಕ್ ತುಂಬಿ ಹರಿದು, ಪಕ್ಕದ ಮನೆಯವರು ಒಣಗಲು ಇಟ್ಟಿದ್ದ ಹಪ್ಪಳವೆಲ್ಲ ತೊಯ್ದು ಹೋಗಿತ್ತು. ಮೋಟಾರ್ ಹಾಕಿದ್ದೇ ಮರೆತಿದ್ದೆ. "ರೀ, ನಿಮ್ಮ ಟ್ಯಾಂಕ್ ತುಂಬಿ ಹರೀತಿದೆ ಕಣ್ರೀ" ಅಂತ ಅವರು ಕಾಂಪೌಂಡಿನ ಆಚೆಯಿಂದ ಕೂಗಿದ್ದು ಕೇಳಿಸಿತ್ತು. ಆದರೂ ಏಳಲಿಲ್ಲ. ಧ್ಯಾನ ಅಂದಮೇಲೆ ಕದಲಬಾರದು, ಯಾವ ಯೋಚನೆಯೂ ಬರಬಾರದು ಅಂತ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತ್ತು ನೋಡಿ.

ಆಮೇಲೆ ಎಷ್ಟೋ ಜನರ ಹತ್ತಿರ ಮಾತಾಡಿದೆ. "ಅಯ್ಯೋ, ನಮಗೆ ಅದೆಲ್ಲ ಆಗಲ್ಲ, ಮನಸ್ಸು ನಿಲ್ಲೋದೇ ಇಲ್ಲ" ಅನ್ನುವವರೇ ಜಾಸ್ತಿ. ಮನಸ್ಸು ತಾನಾಗೇ ನಿಲ್ಲುವ ಹಾಗಿದ್ದರೆ ಕೂರುವ ಕಷ್ಟವಾದರೂ ಯಾಕೆ, ಅಲ್ವಾ?

ನಾನು ಹೇಳುತ್ತಿರುವುದು ಉಸಿರನ್ನು ಸುಮ್ನೆ ಗಮನಿಸುವ ಧ್ಯಾನದ ಬಗ್ಗೆ. ಪಾಳಿ ಭಾಷೆಯಲ್ಲಿ ಇದಕ್ಕೆ ಆನಾಪಾನಸತಿ ಅಂತಾರೆ. ಒಳಗೆ ಹೋಗುವ, ಹೊರಗೆ ಬರುವ ಉಸಿರಿನ ಮೇಲೆ ಎಚ್ಚರ ಇಡುವುದು. ಬುದ್ಧನ ಮಾತುಗಳ ಸಂಗ್ರಹವಾದ ಮಜ್ಝಿಮ ನಿಕಾಯದಲ್ಲಿ 118ನೇ ಸುತ್ತ, ಅಂದರೆ ಉಪದೇಶ, ಇದಕ್ಕೇ ಮೀಸಲು. ಅಲ್ಲಿ ಶುರುವಿನ ಪಾಠ ಇಷ್ಟೇ: ಉಸಿರು ಉದ್ದ ಇದ್ದರೆ ಉದ್ದ ಅಂತ ತಿಳಿ, ಗಿಡ್ಡ ಇದ್ದರೆ ಗಿಡ್ಡ ಅಂತ ತಿಳಿ. ಉದ್ದ ಮಾಡು ಅಂತ ಹೇಳಿಲ್ಲ.

ನಮ್ಮವರು ಎಡವುವುದು ಇಲ್ಲೇ. ಉಸಿರು ಅಂದ ತಕ್ಷಣ ಪ್ರಾಣಾಯಾಮ ನೆನಪಾಗಿ ಕೈ ತಾನಾಗೇ ಮೂಗಿಗೆ ಹೋಗುತ್ತದೆ. ಎಳೆಯುವುದು, ತಡೆಯುವುದು, ಲೆಕ್ಕ ಇಟ್ಟು ಬಿಡುವುದು. ಅದು ಒಳ್ಳೆಯದೇ, ಆದರೆ ಬೇರೆ ಅಭ್ಯಾಸ. ಇಲ್ಲಿ ಉಸಿರಿಗೆ ನಾವು ಏನೂ ಮಾಡುವ ಹಾಗಿಲ್ಲ. ಮಾಡದೇ ಇರುವುದೇ ಕಷ್ಟ! ದಿನವಿಡೀ ನಿಮಿಷಕ್ಕೆ 12ರಿಂದ 20 ಸಲ ತನ್ನಷ್ಟಕ್ಕೆ ಆಡುವ ಉಸಿರು, ನಾವು ನೋಡಲು ಕೂತ ಕೂಡಲೇ, ಫೋಟೋ ತೆಗೀತೀನಿ ಅಂದರೆ ಬಿಗಿದುಕೊಂಡು ನಿಲ್ಲುವ ನೆಂಟರ ಹಾಗೆ ಆಡುತ್ತದೆ. ಹಾಗಾದಾಗ ನಾನು ಮಾಡುವುದು ಒಂದೇ. ಉಸಿರು ಬಿಟ್ಟ ಮೇಲೆ ಮುಂದಿನದನ್ನು ಎಳೆಯಲು ಹೋಗುವುದಿಲ್ಲ. ಕಾಯುತ್ತೇನೆ. ಅದು ಬಂದೇ ಬರುತ್ತದೆ.

ಕೂರುವ ವಿಷಯಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಪದ್ಮಾಸನ ಬೇಕಿಲ್ಲ. ಕಂಬಳಿಯನ್ನೋ ದಿಂಬನ್ನೋ ಮಡಚಿ ಸೊಂಟದ ಕೆಳಗೆ ಇಟ್ಟುಕೊಂಡರೆ ಮಂಡಿಗೆ ಆರಾಮ. ಮಂಡಿನೋವಿದ್ದರೆ ಕುರ್ಚಿ. ಹೊಟ್ಟೆ ತುಂಬ ಉಂಡು ಮಾತ್ರ ಕೂರಬೇಡಿ, ಗೊರಕೆ ಗ್ಯಾರಂಟಿ. ಶುರುವಿಗೆ ಹತ್ತು ನಿಮಿಷ ಸಾಕು.

ಗಮನ ಇಡಬೇಕಾದದ್ದು ಮೂಗಿನ ಹೊಳ್ಳೆಯ ಬಾಗಿಲಲ್ಲಿ, ಮೇಲ್ದುಟಿಯ ಮೇಲೆ. ಗಾಳಿ ಅಲ್ಲಿ ಸೋಕುತ್ತದೆ. ಹೋಗುವಾಗ ತುಸು ತಂಪು, ಬರುವಾಗ ಬೆಚ್ಚಗೆ. ನಾನು ಅಲ್ಲಿ ಮೊದಲು ಕಂಡುಕೊಂಡಿದ್ದು ಏನು ಗೊತ್ತಾ? ಒಂದು ಹೊಳ್ಳೆಯಲ್ಲೇ ಗಾಳಿ ಜಾಸ್ತಿ ಆಡುತ್ತಿತ್ತು. ನೆಗಡಿ ಶುರುವಾಯಿತೇನೋ ಅಂದುಕೊಂಡೆ. ಅಲ್ಲವಂತೆ, ಎಷ್ಟೋ ಜನರಲ್ಲಿ ಕೆಲವು ಗಂಟೆಗೊಮ್ಮೆ ಅದು ಎಡಕ್ಕೂ ಬಲಕ್ಕೂ ಬದಲಾಗುತ್ತಲೇ ಇರುತ್ತದೆ. ಇಷ್ಟು ವರ್ಷ ನನ್ನದೇ ಮೂಗು ನನಗೆ ಗೊತ್ತಿರಲಿಲ್ಲ!

ಇನ್ನು ಮನಸ್ಸು ಓಡುವ ವಿಷಯ. ಮೂರನೇ ಉಸಿರಿಗೆ ಚೀಟಿ ದುಡ್ಡು ಕಟ್ಟಬೇಕಿತ್ತಲ್ಲ ಅನ್ನಿಸುತ್ತದೆ, ಅಲ್ಲಿಂದ ಚೀಟಿ ನಡೆಸುವವರ ಮಗಳ ಮದುವೆ, ಮದುವೆಯಲ್ಲಿ ಉಪ್ಪು ಜಾಸ್ತಿಯಾಗಿದ್ದ ಸಾರು, ಹೀಗೆ ಹೋಗಿ ಹೋಗಿ ಎಲ್ಲೋ ಒಂದು ಕಡೆ ಥಟ್ಟನೆ ಎಚ್ಚರವಾಗುತ್ತದೆ, ಅರೆ, ನಾನು ಉಸಿರು ನೋಡುತ್ತಿದ್ದೆ ಅಲ್ವಾ ಅಂತ. ಆ "ಅರೆ" ಇದೆಯಲ್ಲ, ಅಭ್ಯಾಸ ಅಂದರೆ ಅದೇ. ನಾನು ಅದನ್ನು ಸೋಲು ಅಂದುಕೊಂಡು ತಿಂಗಳುಗಟ್ಟಲೆ ನನ್ನನ್ನೇ ಬೈದುಕೊಂಡೆ. ಬೈಯುವುದೂ ಇನ್ನೊಂದು ಯೋಚನೆ ತಾನೆ? ಸುಮ್ನೆ ಮುಂದಿನ ಉಸಿರಿಗೆ ಬಂದರಾಯಿತು.

ತೀರಾ ಓಡುತ್ತಿದ್ದರೆ ಉಸಿರನ್ನು ಎಣಿಸಿ. ಬುದ್ಧಘೋಷ ಅನ್ನುವ ಬೌದ್ಧ ಪಂಡಿತ ವಿಸುದ್ಧಿಮಗ್ಗ ಅನ್ನುವ ಗ್ರಂಥದಲ್ಲಿ ಐದಕ್ಕಿಂತ ಮೊದಲು ನಿಲ್ಲಿಸಬೇಡ, ಹತ್ತು ದಾಟಬೇಡ ಅನ್ನುತ್ತಾನೆ. ಐದಕ್ಕಿಂತ ಕಡಿಮೆಯಾದರೆ ಮನಸ್ಸು ಇಕ್ಕಟ್ಟಾದ ದೊಡ್ಡಿಯಲ್ಲಿ ಕೂಡಿಹಾಕಿದ ದನದ ಹಾಗೆ ಚಡಪಡಿಸುತ್ತದಂತೆ. ದನ ಕಟ್ಟಿದವರಿಗೆ ಈ ಹೋಲಿಕೆ ಬಿಡಿಸಿ ಹೇಳಬೇಕಿಲ್ಲ. ಲೆಕ್ಕ ತಪ್ಪಿದರೆ ಮತ್ತೆ ಒಂದರಿಂದ.

ಇದರಿಂದ ತಲೆನೋವು ಹೋಗುತ್ತಾ ಅಂತ ಕೇಳುವವರಿದ್ದಾರೆ. ವಿಪಶ್ಯನ ಅನ್ನುವ ಬೌದ್ಧ ಧ್ಯಾನವನ್ನು 1969ರಲ್ಲಿ ಭಾರತಕ್ಕೆ ತಂದು ಕಲಿಸಿದ ಎಸ್. ಎನ್. ಗೋಯೆಂಕಾ ಅವರೂ ಬರ್ಮಾದಲ್ಲಿ ಧ್ಯಾನ ಕಲಿಯಲು ಮೊದಲು ಹೋಗಿದ್ದು ಮೈಗ್ರೇನಿನ ಕಾಟಕ್ಕೇ. ಅವರ ಗುರು ಊ ಬಾ ಖಿನ್ ಸರ್ಕಾರದ ದೊಡ್ಡ ಲೆಕ್ಕಾಧಿಕಾರಿ. ಬರೀ ತಲೆನೋವಿಗಾದರೆ ಬರಬೇಡ ಅಂತ ಅವರು ಮೊದಲು ಒಪ್ಪಿರಲಿಲ್ಲವಂತೆ. ಆ ಪರಂಪರೆಯ ಹತ್ತು ದಿನದ ಶಿಬಿರದಲ್ಲಿ ಮೊದಲ ಮೂರು ದಿನ ಪೂರ್ತಿ ಉಸಿರೇ. ಹತ್ತು ನಿಮಿಷಕ್ಕೇ ಏನೂ ಆಗಲಿಲ್ಲ ಅಂತ ನಾವು ಗೊಣಗುತ್ತೇವೆ!

ಒಂದು ಮಾತು ಮಾತ್ರ ಗಮನವಿಟ್ಟು ಕೇಳಿ. ಉಸಿರು ನೋಡುತ್ತಾ ಕೆಲವರಿಗೆ ಎದೆ ಬಿಗಿದ ಹಾಗೆ, ಗಾಬರಿಯಾದ ಹಾಗೆ ಆಗುತ್ತದೆ. ಆಗ ಹಟ ಬೇಡ. ಕಣ್ಣು ಬಿಡಿ, ನೆಲಕ್ಕೆ ತಾಗಿದ ಪಾದದ ಕಡೆ ಗಮನ ಕೊಡಿ, ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ಉಬ್ಬಸ, ಖಿನ್ನತೆ, ದೊಡ್ಡ ಆಘಾತ ಇದ್ದವರು ಡಾಕ್ಟರನ್ನು ಕೇಳಿಯೇ ಶುರು ಮಾಡಿ. ನಡೆಯುತ್ತಿರುವ ಮಾತ್ರೆ ನಿಲ್ಲಿಸಬೇಡಿ.

ಹಾಂ, ಮಧ್ಯೆ ಯಾರಾದರೂ ಕೂಗಿದರೆ ಏಳಿ, ಪರವಾಗಿಲ್ಲ. ನಾನು ಈಗ ಕೂರುವ ಮೊದಲು ಮೋಟಾರಿನ ಸ್ವಿಚ್ ಒಮ್ಮೆ ನೋಡಿ ಬರುತ್ತೇನೆ. ಆದರೂ ಪಕ್ಕದ ಮನೆಯವರು ಹಪ್ಪಳ ಹರವುವ ಮುಂಚೆ ಕೇಳುವುದು ಬಿಟ್ಟಿಲ್ಲ, "ಏನ್ರೀ, ಇವತ್ತು ನಿಮ್ಮ ಧ್ಯಾನ ಎಷ್ಟು ಗಂಟೆಗೆ?"