ಗನ್ ಸೇಫ್ ಒಳಗೆ ಯಾವ ಲೈನಿಂಗ್ ಹಾಕಬೇಕು?

[ದೃಶ್ಯ: ಕೋವಿಯ ನಳಿಗೆಯ ತುದಿ, ತೀರಾ ಹತ್ತಿರದಿಂದ]

ನಮಸ್ಕಾರ. ಈ ನಳಿಗೆಯ ತುದಿ ನೋಡಿ. ಸುತ್ತಲೂ ಹೊಳಪು ಹಾಗೇ ಇದೆ. ಒಂದು ಕಡೆ ಮಾತ್ರ, ಬೆರಳಗಲದ ಜಾಗದಲ್ಲಿ, ಕಂದು ಚುಕ್ಕಿಗಳು. ಕೋವಿ ಸೇಫ್‌ನಲ್ಲಿ ಫೋಮಿಗೆ ಒರಗಿ ನಿಂತಿದ್ದ ಜಾಗ ಅದು. ಕಳ್ಳರಿಂದ ಕಾಪಾಡಿದ ಸೇಫ್ ತುಕ್ಕಿನಿಂದ ಕಾಪಾಡಲಿಲ್ಲ.

ಲೈನಿಂಗ್ ಅಂದರೆ ಮೆತ್ತಗಿರಬೇಕು, ಚೆನ್ನಾಗಿ ಕಾಣಬೇಕು ಅಂತ ಹೆಚ್ಚಿನವರು ಅಂದುಕೊಳ್ಳುತ್ತಾರೆ. ಗೀರು ಬೀಳದಿರಲು ಮೆತ್ತಗಿರಬೇಕು, ನಿಜ. ಆದರೆ ಅದಕ್ಕೂ ಮೊದಲು ಎರಡು ಪ್ರಶ್ನೆ ಕೇಳಿ. ಇದು ಎಷ್ಟು ನೀರು ಹೀರುತ್ತದೆ? ಇದರಿಂದ ಯಾವ ಆವಿ ಹೊರಗೆ ಬರುತ್ತದೆ?

[ದೃಶ್ಯ: ಮೇಜಿನ ಮೇಲೆ ಬಟ್ಟೆಯ ತುಂಡುಗಳು, ಒಂದೊಂದನ್ನೇ ಕೈಯಲ್ಲಿ ಎತ್ತಿ ತೋರಿಸುವುದು]

ಮೊದಲು ನೀರು. ಗಾಳಿಯ ತೇವಾಂಶ 65% ಇದ್ದಾಗ ಉಣ್ಣೆ ತನ್ನ ತೂಕದ ಸುಮಾರು 15% ನೀರು ಹಿಡಿದುಕೊಂಡಿರುತ್ತದೆ. ಮುಟ್ಟಿದರೆ ಒಣಗಿದೆ ಅಂತಲೇ ಅನಿಸುತ್ತದೆ! ಹತ್ತಿ 7–8%, ನೈಲಾನ್ 4%. ಪಾಲಿಯೆಸ್ಟರ್ ಬರೀ 0.4%. ಪಾಲಿಪ್ರೊಪಿಲೀನ್ ಹೆಚ್ಚುಕಡಿಮೆ ಏನೂ ಇಲ್ಲ. ಹಾಗಾಗಿ ನನ್ನ ಆಯ್ಕೆ ಪಾಲಿಯೆಸ್ಟರ್ ಫೆಲ್ಟ್ (ನೇಯದೆ ಒತ್ತಿ ಮಾಡಿದ ದಪ್ಪ ಬಟ್ಟೆ), ಇಲ್ಲವೇ ಗಿಡ್ಡ ನೂಲಿನ ಪಾಲಿಪ್ರೊಪಿಲೀನ್ ಕಾರ್ಪೆಟ್. ಉಣ್ಣೆಯ ಫೆಲ್ಟ್ ನೋಡೋಕೆ ಬಲು ಚಂದ. ಆದರೆ ಅದಕ್ಕೆ ನುಸಿ ಹಿಡಿಯುತ್ತದೆ, ಅದರಲ್ಲಿ ಗಂಧಕದ ಅಂಶವೂ ಇದೆ. ಬೆಳ್ಳಿ ಕೆತ್ತನೆ ಇರುವ ಕೋವಿಯನ್ನು ಅದರ ಪಕ್ಕ ಇಟ್ಟರೆ ಬೆಳ್ಳಿ ಕಪ್ಪಾಗುತ್ತದೆ.

ಫೋಮಲ್ಲಿ ಎರಡು ಜಾತಿ. ಹಿಂಡಿದರೆ ಗಾಳಿ ಹೊರಗೆ ಹೋಗುವ, ಸ್ಪಂಜಿನಂಥದ್ದು ಬೇಡವೇ ಬೇಡ. ಅದು ತೇವವನ್ನು ಲೋಹಕ್ಕೆ ಒತ್ತಿ ಹಿಡಿಯುತ್ತದೆ, ವರ್ಷಗಳಾದ ಮೇಲೆ ಪುಡಿಪುಡಿಯಾಗಿ ಉದುರುತ್ತದೆ. ನೀರು ಒಳಗೆ ಇಳಿಯದ ಪಾಲಿಥಿಲೀನ್ ಫೋಮ್ ಆದರೆ ತೊಂದರೆ ಇಲ್ಲ.

ಈಗ ಆವಿ. ಸೇಫ್ ಅಂದರೆ ಮುಚ್ಚಿದ ಡಬ್ಬಿ, ಒಳಗೆ ಬಂದದ್ದು ಅಲ್ಲೇ ಸುತ್ತುತ್ತಿರುತ್ತದೆ. ಪಿವಿಸಿ ರೆಕ್ಸಿನ್ ಹಳೆಯದಾದಂತೆ ಆಮ್ಲ ಬಿಡಬಹುದು. ಅದನ್ನು ಮೆತ್ತಗೆ ಮಾಡಲು ಬೆರೆಸಿದ ಎಣ್ಣೆ ಕೋವಿಯ ಹಿಡಿಯ ವಾರ್ನಿಷಿಗೆ ಅಂಟಿಕೊಳ್ಳುತ್ತದೆ. ಹದ ಮಾಡಿದ ಚರ್ಮದಲ್ಲಿ ಲವಣ, ಆಮ್ಲ ಉಳಿದಿರುತ್ತವೆ. ಹಿತ್ತಾಳೆಗೆ ಹಸಿರು ಕಿಲುಬು ಬರುವುದು ಅದರಿಂದಲೇ. ಓಕ್ ಮರ, ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ಕೂಡ ಆಮ್ಲದ ಆವಿ ಬಿಡುತ್ತವೆ. ಸೇಫ್ ಒಳಗೆ ಅದರ ರ‍್ಯಾಕ್ ಮಾಡುವ ಯೋಚನೆ ಇದ್ದರೆ ಬಿಟ್ಟುಬಿಡಿ.

[ದೃಶ್ಯ: ಗಾಜಿನ ಜಾಡಿ, ಒಳಗೆ ಬಟ್ಟೆಯ ತುಂಡು, ಉಕ್ಕಿನ ಚೂರು]

ವಸ್ತುಸಂಗ್ರಹಾಲಯಗಳಿಗೂ ಇದೇ ತಲೆನೋವು. 1973ರಲ್ಲಿ ಬ್ರಿಟಿಷ್ ಮ್ಯೂಸಿಯಂನ ಆಂಡ್ರ್ಯೂ ಆಡಿ ಇದಕ್ಕೊಂದು ಪರೀಕ್ಷೆ ರೂಪಿಸಿದರು. ಪರೀಕ್ಷಿಸಬೇಕಾದ ವಸ್ತುವಿನ ಜೊತೆ ಬೆಳ್ಳಿ, ಸೀಸ, ತಾಮ್ರದ ಚೂರುಗಳನ್ನು ಸ್ವಲ್ಪ ನೀರಿನೊಂದಿಗೆ ಮುಚ್ಚಿಟ್ಟು, 60 ಡಿಗ್ರಿಯಲ್ಲಿ 28 ದಿನ ಬಿಟ್ಟು, ಲೋಹ ಕೆಟ್ಟಿದೆಯಾ ಅಂತ ನೋಡುತ್ತಾರೆ. ಅಷ್ಟು ಕರಾರುವಾಕ್ಕಾಗಿ ಅಲ್ಲದಿದ್ದರೂ ಮನೆಯಲ್ಲೂ ಮಾಡಬಹುದು. ಜಾಡಿಗಳು ಎರಡಿರಲಿ. ಎರಡರಲ್ಲೂ ಉಜ್ಜಿ ಹೊಳಪು ಮಾಡಿದ ಉಕ್ಕಿನ ಚೂರು, ಒದ್ದೆ ಹತ್ತಿ. ಒಂದರಲ್ಲಿ ಮಾತ್ರ ಲೈನಿಂಗ್ ತುಂಡು. ಯಾವುದೂ ಒಂದಕ್ಕೊಂದು ತಾಗಬಾರದು. ಬೆಚ್ಚಗಿನ ಜಾಗದಲ್ಲಿ ಕೆಲವು ವಾರ ಬಿಡಿ. ಲೈನಿಂಗ್ ಇರುವ ಜಾಡಿಯ ಉಕ್ಕು ಜಾಸ್ತಿ ಕೆಟ್ಟರೆ ಆ ಬಟ್ಟೆ ಬೇಡ.

ಬಟ್ಟೆ ಒಳ್ಳೆಯದಿದ್ದು ಅಂಟು ಕೆಟ್ಟದಾದರೆ ಏನು ಪ್ರಯೋಜನ, ಅಲ್ವಾ? ವಿನೆಗರ್ ವಾಸನೆ ಬರುವ ಸಿಲಿಕೋನ್ ಒಣಗುವಾಗ ಬಿಡುವುದು ಅಸಿಟಿಕ್ ಆಮ್ಲವನ್ನೇ. ನ್ಯೂಟ್ರಲ್ ಕ್ಯೂರ್, ಅಂದರೆ ಒಣಗುವಾಗ ಆಮ್ಲ ಬಿಡದ್ದು, ಅಂತ ಬರೆದಿರುವುದನ್ನು ತನ್ನಿ. ಲೋಹದ ಗೋಡೆಗಾದರೆ ಆಯಸ್ಕಾಂತದ ಪಟ್ಟಿಯೂ ಸಾಕು, ಬೇಕಾದಾಗ ಬಿಚ್ಚಿ ಒಣಗಿಸಬಹುದು. ಸ್ಕ್ರೂ ಮಾತ್ರ ಹೊಡೆಯಬೇಡಿ, ಬೆಂಕಿ ತಡೆಯುವ ಪದರಕ್ಕೆ ತೂತು ಬೀಳುತ್ತದೆ. ಬಾಗಿಲ ಅಂಚಿನ ಪಟ್ಟಿಯ ಮೇಲೂ ಏನೂ ಅಂಟಿಸಬೇಡಿ. ಬೆಂಕಿಯಲ್ಲಿ ಅದು ಉಬ್ಬಿ ಸಂದು ಮುಚ್ಚಬೇಕು.

ಬಣ್ಣ ತಿಳಿಯಾಗಿರಲಿ. ಕಪ್ಪು ಲೈನಿಂಗ್ ಮೇಲೆ ಕಪ್ಪು ಕೋವಿ ಸುಲಭಕ್ಕೆ ಕಾಣುವುದಿಲ್ಲ.

[ದೃಶ್ಯ: ಸೇಫ್ ಬಾಗಿಲು ತೆರೆದಿದೆ, ಒಳಗೆ ಖಾಲಿ, ಮೂಲೆಯಲ್ಲಿ ತೇವಾಂಶ ಮಾಪಕ]

ಅಂಟಿಸಿದ ಮೇಲೆ ವಾಸನೆ ಪೂರ್ತಿ ಹೋಗುವವರೆಗೆ ಬಾಗಿಲು ತೆರೆದಿಡಿ. ಅಲ್ಲಿವರೆಗೆ ಕೋವಿಗಳನ್ನು ಖಾಲಿ ಮಾಡಿ ಬೇರೆ ಕಡೆ ಬೀಗ ಹಾಕಿಡಿ, ತೋಟಾಗಳನ್ನು ಅವುಗಳ ಜೊತೆ ಇಡದೆ ಪ್ರತ್ಯೇಕವಾಗಿ ಬೀಗ ಹಾಕಿಡಿ. ಆಮೇಲೆ ಬಾಗಿಲು ಮುಚ್ಚಿ, ಒಂದು ದಿನ ಬಿಟ್ಟು ಮಾಪಕ ನೋಡಿ. 50% ಆಸುಪಾಸಿನಲ್ಲಿದ್ದರೆ ಕೋವಿ ಒಳಗಿಡಬಹುದು. 60% ದಾಟಿದ್ದರೆ ಮೊದಲು ಸಿಲಿಕಾ ಜೆಲ್ ಇಟ್ಟು ಇಳಿಸಿ.